ಮಗಳು ಜರ್ಮನಿಗೆ ಓದಲು ಹೋಗುತ್ತೇನೆ ಎನ್ನುತ್ತಿದ್ದಾಳೆ: ಒಪ್ಪುವ ಮೊದಲು ತಂದೆ ತಾಯಿ ಏನೇನು ತಿಳಿದಿರಬೇಕು?

ಅರಸೀಕೆರೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡಿ ಮೂರು ವರ್ಷಗಳ ಹಿಂದೆ ನಿವೃತ್ತನಾದವನು. ನನ್ನ ಮಗಳು ವಿಟಿಯುಗೆ ಸೇರಿದ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಏಳನೆಯ ಸೆಮಿಸ್ಟರ್ ಓದುತ್ತಿದ್ದಾಳೆ, ಸಿಜಿಪಿಎ 10ಕ್ಕೆ 8.2 ಇದೆ. ದಸರಾ ರಜೆಗೆ ಬಂದವಳು ಜರ್ಮನಿಯಲ್ಲಿ ಎಂ.ಎಸ್. ಮಾಡುತ್ತೇನೆ, ಅಲ್ಲಿ ಫೀಸೇ ಇಲ್ಲ ಎಂದಳು. ಮರುದಿನ ತಿಂಡಿ ತಿನ್ನುವಾಗ ವೀಸಾಕ್ಕೆ 12 ಲಕ್ಷ ತೋರಿಸಬೇಕು ಎಂದಳು. ಫೀಸೇ ಇಲ್ಲದ ಮೇಲೆ 12 ಲಕ್ಷ ಯಾರಿಗೆ, ಯಾತಕ್ಕೆ ಎಂದು ನಾನು ಕೇಳಿದ್ದಕ್ಕೆ, ನಿಮಗೆ ಅರ್ಥವಾಗುವುದಿಲ್ಲ ಬಿಡಿ ಎಂದು ತಟ್ಟೆ ಬಿಟ್ಟು ಎದ್ದು ಹೋದಳು.

ಅವಳನ್ನು ತಡೆಯಬೇಕೆಂಬ ಉದ್ದೇಶ ನನಗಿಲ್ಲ. ಆದರೆ ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ತನಗೇ ತಿಳಿಯದ ಲೆಕ್ಕಕ್ಕೆ ಸಹಿ ಹಾಕುವುದು ಹೇಗೆ? ಸಂಬಂಧಿಕರೊಬ್ಬರು ಹೋದರೆ ಅಮೆರಿಕಕ್ಕೇ ಹೋಗಬೇಕು ಎನ್ನುತ್ತಾರೆ. ಹಾಸನದ ಕನ್ಸಲ್ಟೆನ್ಸಿಯೊಂದರವರು 80 ಸಾವಿರ ಕೊಟ್ಟರೆ ಹತ್ತು ದಿನದಲ್ಲಿ ಜರ್ಮನಿಯ ಆಫರ್ ಲೆಟರ್ ತರಿಸಿಕೊಡುತ್ತೇವೆ ಎಂದಿದ್ದಾರೆ. ನನ್ನ ಮನೆಯವರ ಪ್ರಶ್ನೆ ಒಂದೇ: ಒಬ್ಬಳೇ ಹೆಣ್ಣು ಹುಡುಗಿ, ಅಲ್ಲಿ ಎಲ್ಲಿರುತ್ತಾಳೆ? ನಮಗಿರುವುದು ನನ್ನ ಪಿಂಚಣಿ, ಎರಡೂವರೆ ಎಕರೆ ತೆಂಗಿನ ತೋಟ, ಊರೊಳಗೆ ತಮ್ಮನೊಂದಿಗೆ ಜಂಟಿಯಾಗಿರುವ ಒಂದು ಮನೆ. ಈ ದಾರಿಯಲ್ಲಿ ನಡೆದು ಬಂದವರು ದಯವಿಟ್ಟು ವಿವರವಾಗಿ ತಿಳಿಸಿಕೊಡಬೇಕು.

ಸ್ಟುಟ್‌ಗಾರ್ಟ್ ಕನ್ನಡಿಗ

ಮೇಷ್ಟ್ರೇ, ನಮಸ್ಕಾರ. ನಾನು ತುಮಕೂರಿನ ಕಡೆಯವನು, ಇಲ್ಲಿಗೆ ಬಂದು ಎರಡನೆಯ ವರ್ಷ. ನಿಮ್ಮ ಮಗಳು ಹೇಳಿದ ಎರಡೂ ಮಾತು ನಿಜ. ಆದರೆ ಎರಡರ ನಡುವಿನ ಕೊಂಡಿಯನ್ನು ಅವಳು ಹೇಳಲಿಲ್ಲ. ನಾನೂ ನಮ್ಮಪ್ಪನಿಗೆ ಹೇಳಿರಲಿಲ್ಲ.

ಆ 12 ಲಕ್ಷ ಯಾರಿಗೂ ಕೊಡುವ ಹಣವಲ್ಲ. ಒಂದು ವರ್ಷದ ಊಟ, ಬಾಡಿಗೆ, ವಿಮೆಗೆ ವಿದ್ಯಾರ್ಥಿಯ ಬಳಿ ಹಣವಿದೆ ಎಂಬುದಕ್ಕೆ ಜರ್ಮನಿ ಸರ್ಕಾರ ಕೇಳುವ ಪುರಾವೆ ಅದು. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ 11,904 ಯೂರೋ. ಯೂರೋ ಒಂದಕ್ಕೆ 100 ರೂಪಾಯಿ ಎಂದು ಹಿಡಿದರೂ ಹತ್ತಿರ ಹತ್ತಿರ 12 ಲಕ್ಷವಾಗುತ್ತದೆ. ಇದನ್ನು ಬ್ಲಾಕ್ಡ್ ಅಕೌಂಟ್ ಎನ್ನುತ್ತಾರೆ. ವೀಸಾಕ್ಕೆ ಮೊದಲು ನೀವು ಮಗಳ ಹೆಸರಿನಲ್ಲಿ ಅಷ್ಟನ್ನೂ ಕಟ್ಟುತ್ತೀರಿ, ಅವಳು ಇಲ್ಲಿಗೆ ಬಂದ ಮೇಲೆ ಅದರಿಂದ ತಿಂಗಳಿಗೆ 992 ಯೂರೋದಂತೆ ಅವಳ ಕೈಗೇ ಬರುತ್ತದೆ. ಒಂದು ವರ್ಷದ ಪಿಂಚಣಿಯನ್ನು ನೀವೇ ಮುಂಗಡವಾಗಿ ಖಜಾನೆಗೆ ಕಟ್ಟಿ, ಮಗಳು ಅದನ್ನು ತಿಂಗಳು ತಿಂಗಳು ಎಣಿಸಿಕೊಂಡ ಹಾಗೆ.

ಫೀಸು ಇಲ್ಲ ಎಂಬ ಮಾತಿಗೂ ಒಂದು ಅಡಿಟಿಪ್ಪಣಿ ಬೇಕು. ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್‌ಗೆ ಸುಮಾರು 100ರಿಂದ 350 ಯೂರೋ ವಂತಿಗೆ ಮಾತ್ರ ಇರುತ್ತದೆ. ಆದರೆ ನಾನಿರುವ ಬಾಡೆನ್‌ ವುರ್ಟೆಂಬೆರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕವಿದೆ, ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂ, ಹೈಡೆಲ್‌ಬೆರ್ಗ್ ಎಲ್ಲವೂ ಈ ರಾಜ್ಯದವೇ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಸ್ನಾತಕೋತ್ತರ ಕೋರ್ಸುಗಳಿಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ವಿಧಿಸುತ್ತಿದೆ. ಆದ್ದರಿಂದ ಮಗಳ ಪಟ್ಟಿಯಲ್ಲಿರುವ ಒಂದೊಂದು ವಿಶ್ವವಿದ್ಯಾಲಯದ ಮುಂದೆಯೂ ಶುಲ್ಕವನ್ನು ಬರೆಸಿಕೊಳ್ಳಿ.

ಅಮ್ಮನವರ ಪ್ರಶ್ನೆಗೆ ಉತ್ತರ: ಇಲ್ಲಿ ಪ್ರವೇಶ ಸಿಗುವುದಕ್ಕಿಂತ ಕೋಣೆ ಸಿಗುವುದು ಕಷ್ಟ. ವಿದ್ಯಾರ್ಥಿ ಕಲ್ಯಾಣ ಸಂಸ್ಥೆಗಳು ನಡೆಸುವ ಹಾಸ್ಟೆಲ್ಲುಗಳು ಅಗ್ಗ, ಸುರಕ್ಷಿತ, ಆದರೆ ಸರದಿ ಪಟ್ಟಿ ಉದ್ದವಿರುತ್ತದೆ. ಪ್ರವೇಶ ಪತ್ರ ಬಂದ ದಿನವೇ ಹಾಸ್ಟೆಲ್‌ಗೆ ಅರ್ಜಿ ಹಾಕಬೇಕು. ಖಾಸಗಿ ಕೋಣೆಯಾದರೆ ಕಣ್ಣಾರೆ ನೋಡದೆ ಯಾರಿಗೂ ಅಡ್ವಾನ್ಸ್ ಕಳಿಸಬಾರದು. ನಾನು ಬಂದಿಳಿದದ್ದು ಶನಿವಾರ ರಾತ್ರಿ. ಭಾನುವಾರ ಇಲ್ಲಿ ಅಂಗಡಿಗಳು ತೆರೆಯುವುದಿಲ್ಲವೆಂದು ಓದಿದ್ದೆ, ಆದರೆ ತಲೆಗೆ ಹೋಗಿರಲಿಲ್ಲ. ಅಮ್ಮ ಬೇಡವೆಂದರೂ ತುರುಕಿದ್ದ ಅವಲಕ್ಕಿ, ಚಟ್ನಿಪುಡಿಗಳೇ ಸೋಮವಾರದವರೆಗೆ ನನ್ನನ್ನು ನೋಡಿಕೊಂಡವು.

ಮೈಸೂರಿನ ತಾಯಿ

ಮೇಷ್ಟ್ರೇ, ಆ 80 ಸಾವಿರವನ್ನು ದಯವಿಟ್ಟು ಕೊಡಬೇಡಿ. ನಾವು ಕೊಟ್ಟು ಪಾಠ ಕಲಿತವರು.

ಎರಡು ವರ್ಷಗಳ ಹಿಂದೆ ನಮ್ಮೂರಿನ ಒಂದು ಕನ್ಸಲ್ಟೆನ್ಸಿಗೆ 1 ಲಕ್ಷ ಕಟ್ಟಿದೆವು. ಅಲ್ಲಿ ಕಾಫಿ ಕೊಟ್ಟು ಕೂರಿಸಿ, ಗೋಡೆಯ ಮೇಲಿದ್ದ ವೀಸಾ ಫೋಟೋಗಳನ್ನು ತೋರಿಸಿ, ಎರಡು ವಾರಗಳಲ್ಲಿ ಆಫರ್ ಲೆಟರ್ ಕೈಗಿಟ್ಟರು. ಮನೆಯಲ್ಲಿ ಪಾಯಸ ಮಾಡಿದ್ದೂ ಆಯಿತು. ಆಮೇಲೆ ಮಗ ಕುಳಿತು ಓದಿದಾಗ ಅದು ಖಾಸಗಿ ಸಂಸ್ಥೆ, ವರ್ಷಕ್ಕೆ ಸಾವಿರಾರು ಯೂರೋ ಶುಲ್ಕ ಎಂದು ತಿಳಿಯಿತು. ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಏಜೆಂಟರಿಗೆ ಕಮಿಷನ್ ಕೊಡುವುದಿಲ್ಲ, ಕೊಡುವುದು ಶುಲ್ಕ ವಸೂಲು ಮಾಡುವ ಖಾಸಗಿಯವರು. ಅಷ್ಟು ಗೊತ್ತಾದ ಮೇಲೆ ಏಜೆಂಟರು ಯಾವ ಕಡೆ ದಾರಿ ತೋರಿಸುತ್ತಾರೆಂದು ಬೇರೆ ಹೇಳಬೇಕಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಉತ್ತರಕ್ಕೆ ವಾರಗಳಲ್ಲ, ತಿಂಗಳುಗಳೇ ಕಾಯಬೇಕು. ಹತ್ತು ದಿನದಲ್ಲಿ ಎಂದು ಯಾರಾದರೂ ಹೇಳಿದರೆ ಅದೇ ಅನುಮಾನಕ್ಕೆ ಸಾಕು.

ಕೊನೆಗೆ ಮಗ ತಾನೇ ಅರ್ಜಿ ಹಾಕಿದ. ಹಲವು ವಿಶ್ವವಿದ್ಯಾಲಯಗಳು ಯೂನಿ ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ ಅರ್ಜಿ ತೆಗೆದುಕೊಳ್ಳುತ್ತವೆ. ಮೊದಲ ಅರ್ಜಿಗೆ 75 ಯೂರೋ, ನಂತರದ ಪ್ರತಿ ಅರ್ಜಿಗೆ 30 ಯೂರೋ, ಇನ್ನು ಕೆಲವಕ್ಕೆ ನೇರವಾಗಿ ಹಾಕಬಹುದು. ಇದಕ್ಕೆಲ್ಲ ಮೊದಲು ಎಪಿಎಸ್ ಪ್ರಮಾಣಪತ್ರ ಬೇಕು. ನಮ್ಮ ಮಕ್ಕಳ ಅಂಕಪಟ್ಟಿಗಳು ಅಸಲಿ ಎಂದು ದೆಹಲಿಯ ಕಚೇರಿಯವರು ಪರಿಶೀಲಿಸಿ ಕೊಡುವ ಪತ್ರವದು. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿದೆ, ಶುಲ್ಕ 18,000 ರೂಪಾಯಿ. ಕೊನೆಯ ವರ್ಷದಲ್ಲಿರುವಾಗಲೇ ಅರ್ಜಿ ಹಾಕಲು ಅವಕಾಶವಿದೆ, ತಡಮಾಡಬೇಡಿ. ನಮ್ಮ ಮಗನ ಒಂದು ಸೆಮಿಸ್ಟರ್‌ನ ಅಂಕಪಟ್ಟಿಯಲ್ಲಿ ಅವನ ತಂದೆಯ ಹೆಸರಿನ ಒಂದಕ್ಷರ ತಪ್ಪಿತ್ತು, ಅದನ್ನು ತಿದ್ದಿಸಲು ಓಡಾಡಿದ್ದರಲ್ಲಿಯೇ ಎರಡು ತಿಂಗಳು ಹೋಯಿತು. ಇವತ್ತೇ ಎಲ್ಲ ಅಂಕಪಟ್ಟಿ, ಎಸ್ಸೆಸ್ಸೆಲ್ಸಿ ಕಾರ್ಡು, ಪಾಸ್‌ಪೋರ್ಟುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೆಸರು, ಇನಿಷಿಯಲ್ ಎಲ್ಲ ಕಡೆ ಒಂದೇ ರೀತಿ ಇದೆಯೇ ನೋಡಿಕೊಳ್ಳಿ.

ನಿವೃತ್ತ ಬ್ಯಾಂಕ್ ಅಧಿಕಾರಿ

ನಾನು ಸಾರ್ವಜನಿಕ ವಲಯದ ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಕಡತಗಳನ್ನು ವರ್ಷಗಟ್ಟಲೆ ನೋಡಿದವನು. ಮೇಷ್ಟ್ರು ಆಸ್ತಿಯ ವಿಷಯ ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಹಳ್ಳಿಯ ಕುಟುಂಬಗಳು ಎಡವುವುದು ಅಲ್ಲಿಯೇ.

ತೆಂಗಿನ ತೋಟವನ್ನು ಮನಸ್ಸಿನಿಂದ ತೆಗೆದುಹಾಕಿ. ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಬ್ಯಾಂಕುಗಳು ಸಾಮಾನ್ಯವಾಗಿ ಆಧಾರವಾಗಿ ಒಪ್ಪುವುದಿಲ್ಲ, ಏಕೆಂದರೆ ಸಾಲ ಕಟ್ಟದಿದ್ದಾಗ ಆಸ್ತಿ ವಶಪಡಿಸಿಕೊಳ್ಳಲು ಅವರು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಊರ ಮನೆಯನ್ನು ಕೊಡಬಹುದು, ಆದರೆ ಅದು ಗ್ರಾಮಠಾಣಾ ಒಳಗಿದ್ದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಆಗಿರಬೇಕು, ಉಪನೋಂದಣಿ ಕಚೇರಿಯಿಂದ ಇ.ಸಿ., ಅಂದರೆ ಋಣಭಾರ ಪತ್ರ ತೆಗೆಸಬೇಕು, ಜಂಟಿ ಮಾಲೀಕರೆಲ್ಲರೂ ಸಹಿ ಹಾಕಬೇಕು. ನಿಮ್ಮ ತಮ್ಮನವರೊಂದಿಗೆ ಈಗಲೇ ಕುಳಿತು ಮಾತನಾಡಿ. ಮಗಳಿಗೆ ಪ್ರವೇಶ ಸಿಕ್ಕಿ, ವೀಸಾ ದಿನಾಂಕ ಹತ್ತಿರ ಬಂದಾಗ ಅಣ್ಣತಮ್ಮಂದಿರು ಪಾಲಿನ ಮಾತು ತೆಗೆದ ಎರಡು ಮೂರು ಕಡತಗಳು ನನಗೆ ಇನ್ನೂ ನೆನಪಿವೆ.

ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ 4 ಲಕ್ಷದವರೆಗೆ ಆಧಾರ ಬೇಡ, 7.5 ಲಕ್ಷದವರೆಗೆ ಮೂರನೆಯವರ ಜಾಮೀನು ಸಾಕು, ಅದಕ್ಕೆ ಮೇಲ್ಪಟ್ಟರೆ ಆಸ್ತಿ ಬೇಕು. ವಿದೇಶದ ಓದಾದರೆ ಒಟ್ಟು ವೆಚ್ಚದ ಶೇಕಡಾ 15ರಷ್ಟನ್ನು ನೀವು ಹಾಕಬೇಕು. ಇನ್ನೊಂದು ಸೂಕ್ಷ್ಮ: ನಮ್ಮ ಶಾಖೆಗಳಿಗೆ ಅಭ್ಯಾಸವಿರುವುದು ವಿಶ್ವವಿದ್ಯಾಲಯದ ಶುಲ್ಕದ ಬಿಲ್ಲಿಗೆ ಹಣ ಕಳಿಸುವುದು. ಜರ್ಮನಿಯ ವಿಷಯದಲ್ಲಿ ಬಿಲ್ಲೇ ಇರುವುದಿಲ್ಲ. ಆದ್ದರಿಂದ ಬ್ಲಾಕ್ಡ್ ಅಕೌಂಟಿಗೆ ಸಾಲದ ಹಣ ಬಿಡುಗಡೆ ಮಾಡುತ್ತೀರಾ ಎಂದು ಮೊದಲ ದಿನವೇ ಕೇಳಿ, ಮಂಜೂರಾತಿ ಪತ್ರದಲ್ಲಿ ಅದನ್ನು ಬರೆಸಿಕೊಳ್ಳಿ. ಸಾಲದ ಹಣ ವಿದೇಶಕ್ಕೆ ಹೋದರೆ ಟಿಸಿಎಸ್, ಅಂದರೆ ಹಣ ಕಳಿಸುವಾಗ ಬ್ಯಾಂಕೇ ಮುಂಗಡವಾಗಿ ಹಿಡಿಯುವ ತೆರಿಗೆಯ ಕಡಿತವಿಲ್ಲ. ಸ್ವಂತ ಹಣವಾದರೆ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ದಾಟಿದ ಭಾಗಕ್ಕೆ ಕಡಿತವಿದೆ, ಅದನ್ನು ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಈಗ ಗಣಿತದ ಮೇಷ್ಟ್ರಿಗೆ ಒಂದು ಲೆಕ್ಕ. 20 ಲಕ್ಷ ಸಾಲ, ಶೇಕಡಾ 10 ಬಡ್ಡಿ, ಹತ್ತು ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು 26,430 ರೂಪಾಯಿ. ಓದಿನ ಎರಡು ವರ್ಷ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಿರುತ್ತದೆ. ಪೂರ್ತಿ ಹಣ ಮೊದಲೇ ಎತ್ತಿದ್ದರೆ ಮೂರು ವರ್ಷಕ್ಕೆ ಸರಳ ಬಡ್ಡಿಯೇ 6 ಲಕ್ಷ. ಅದು ಅಸಲಿಗೆ ಸೇರಿದರೆ ಕಂತು 34 ಸಾವಿರ ದಾಟುತ್ತದೆ. ಅಮೆರಿಕಕ್ಕೆಂದು 50 ಲಕ್ಷ ತೆಗೆದಿದ್ದರೆ ಇದೇ ಲೆಕ್ಕದಲ್ಲಿ ಕಂತು ಸುಮಾರು 86 ಸಾವಿರ. ಹಾಗಾಗಿ ಮಕ್ಕಳೊಂದಿಗೆ ಕುಳಿತಾಗ ದೇಶ ಯಾವುದು, ರ‍್ಯಾಂಕಿಂಗ್ ಎಷ್ಟು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ನನ್ನ ದೃಷ್ಟಿಯಲ್ಲಿ ಒಂದೇ: ಅಲ್ಲಿ ಕೆಲಸ ಸಿಗದೆ ಪದವಿಯೊಂದಿಗೆ ಬೆಂಗಳೂರಿಗೆ ಮರಳಿ, ಇಲ್ಲಿನ ಸಂಬಳಕ್ಕೆ ಸೇರಿದರೆ ಈ ಕಂತನ್ನು ಕಟ್ಟಲಾಗುತ್ತದೆಯೇ? ಆಗುತ್ತದೆ ಎಂದಾದರೆ ಧೈರ್ಯವಾಗಿ ಕಳಿಸಿ.

ಚಿಕ್ಕಮಗಳೂರು ಓದುಗ

ಹಿರಿಯರ ಲೆಕ್ಕ ನೋಡಿ ನಿದ್ದೆ ಹೋಯಿತು. ನಮ್ಮ ಮಗ ಅಮೆರಿಕವನ್ನೇ ಹಿಡಿದು ಕೂತಿದ್ದಾನೆ. ಅಲ್ಲಿ ಮೂರು ವರ್ಷ ಕೆಲಸ ಮಾಡಲು ಬಿಡುತ್ತಾರಂತೆ, ಅಷ್ಟರಲ್ಲಿ ಸಾಲ ತೀರುತ್ತದೆ ಎನ್ನುತ್ತಾನೆ. ಇದು ಎಷ್ಟರ ಮಟ್ಟಿಗೆ ಸರಿ? ಇಂಗ್ಲೆಂಡ್, ಕೆನಡಾಗಳ ಬಗ್ಗೆಯೂ ಯಾರಾದರೂ ಎರಡು ಮಾತು ಬರೆದರೆ ಉಪಕಾರವಾಗುತ್ತದೆ.

ದಾವಣಗೆರೆ ಅಧ್ಯಾಪಕಿ

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಶಿಫಾರಸು ಪತ್ರ ಕೇಳಿಕೊಂಡು ಬರುವ ವಿದ್ಯಾರ್ಥಿಗಳ ಹಿಂದೆಯೇ ಅವರ ತಂದೆ ತಾಯಿಯೂ ಬಂದು ಕೊಠಡಿಯ ಹೊರಗೆ ನಿಂತಿರುತ್ತಾರೆ, ಆದ್ದರಿಂದ ಈ ಪ್ರಶ್ನೆಗಳು ನನಗೆ ಹೊಸವಲ್ಲ.

ಚಿಕ್ಕಮಗಳೂರಿನವರ ಮಗ ಹೇಳಿದ್ದು ನಿಯಮದ ಮಟ್ಟಿಗೆ ಸರಿ. ಅಮೆರಿಕದಲ್ಲಿ ಓದು ಮುಗಿದ ಮೇಲೆ 12 ತಿಂಗಳು, ವಿಜ್ಞಾನ ಮತ್ತು ತಂತ್ರಜ್ಞಾನದ ಪದವಿಯಾದರೆ ಇನ್ನೂ 24 ತಿಂಗಳು ಕೆಲಸಕ್ಕೆ ಅನುಮತಿ ಇದೆ. ಆದರೆ ಅನುಮತಿ ಬೇರೆ, ಕೆಲಸ ಬೇರೆ. ನಂತರ ಅಲ್ಲಿಯೇ ಉಳಿಯಲು ಬೇಕಾಗುವ ಎಚ್-1ಬಿ ವೀಸಾವನ್ನು ಲಾಟರಿಯಲ್ಲಿ ಆರಿಸುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿ, ಅಮೆರಿಕದ ಒಳಗಿದ್ದುಕೊಂಡೇ ವಿದ್ಯಾರ್ಥಿ ವೀಸಾದಿಂದ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲವೆಂದು ಮುಂದಿನ ತಿಂಗಳು ಸ್ಪಷ್ಟಪಡಿಸಿದರು. ಎರಡು ತಿಂಗಳಲ್ಲಿ ಇಷ್ಟು ಬದಲಾಗುವ ಕಡೆ ಮೂರು ವರ್ಷ ಮುಂದಿನ ಸಂಬಳವನ್ನು ನಂಬಿ 50 ಲಕ್ಷ ಸಾಲ ಮಾಡುವುದು ಮನೆಯವರೆಲ್ಲ ಕೂತು ತೀರ್ಮಾನಿಸಬೇಕಾದ ಮಾತು.

ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವಿ ಹೆಚ್ಚಾಗಿ ಒಂದೇ ವರ್ಷ, ಬಾಡಿಗೆ ಉಳಿಯುತ್ತದೆ, ಶುಲ್ಕ ಮಾತ್ರ ದೊಡ್ಡದು. ಓದಿನ ನಂತರ ಇರಲು ಬಿಡುತ್ತಿದ್ದ ಎರಡು ವರ್ಷದ ಅವಧಿಯನ್ನು 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಸಿದ್ದಾರೆ. ಕೆನಡಾ 2024ರಿಂದ ವಿದ್ಯಾರ್ಥಿ ಪರವಾನಗಿಗಳ ಸಂಖ್ಯೆಗೇ ಮಿತಿ ಹಾಕಿದೆ, ನಮ್ಮವರು ನೆಚ್ಚಿಕೊಂಡಿದ್ದ ತ್ವರಿತ ವೀಸಾ ವ್ಯವಸ್ಥೆಯನ್ನು ಅದೇ ವರ್ಷದ ನವೆಂಬರ್‌ನಲ್ಲಿ ನಿಲ್ಲಿಸಿತು.

ಮೇಷ್ಟ್ರೇ, ಜರ್ಮನಿಯ ಅಂಕದ ಲೆಕ್ಕ ನಿಮಗೆ ಇಷ್ಟವಾಗಬಹುದು. ಅಲ್ಲಿ 1 ಎಂದರೆ ಅತ್ಯುತ್ತಮ, 4 ಎಂದರೆ ಬರಿಯ ಪಾಸು. ಗರಿಷ್ಠ ಅಂಕದಿಂದ ಪಡೆದ ಅಂಕವನ್ನು ಕಳೆದು, ಗರಿಷ್ಠ ಮತ್ತು ಕನಿಷ್ಠ ಉತ್ತೀರ್ಣ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಬಂದದ್ದನ್ನು 3ರಿಂದ ಗುಣಿಸಿ 1 ಕೂಡಬೇಕು. ಕನಿಷ್ಠ ಅಂಕವನ್ನು 4 ಎಂದು ಹಿಡಿದರೆ ನಿಮ್ಮ ಮಗಳ 8.2ಕ್ಕೆ 1.9 ಬರುತ್ತದೆ, 5 ಎಂದು ಹಿಡಿದರೆ 2.1ರ ಹತ್ತಿರ. ಬಹಳ ಕೋರ್ಸುಗಳು 2.5 ಅಥವಾ ಅದಕ್ಕಿಂತ ಉತ್ತಮ ಅಂಕ ಕೇಳುತ್ತವೆ, ಹಾಗಾಗಿ ಅವಳು ಗಾಳಿಗೋಪುರ ಕಟ್ಟುತ್ತಿಲ್ಲ. ಆದರೆ ಒಟ್ಟು ಅಂಕಕ್ಕಿಂತ ಹೆಚ್ಚಾಗಿ ಅವರು ನೋಡುವುದು ಗಣಿತ, ಥರ್ಮೋಡೈನಮಿಕ್ಸ್, ಮೆಕ್ಯಾನಿಕ್ಸ್ ವಿಷಯಗಳಲ್ಲಿ ಎಷ್ಟು ಕ್ರೆಡಿಟ್ ಓದಿದ್ದಾಳೆ ಎಂಬುದನ್ನು. ಎರಡು ವರ್ಷದ ಕೋರ್ಸು ಅಲ್ಲಿ ಎರಡೂವರೆ ಅಥವಾ ಮೂರು ವರ್ಷಕ್ಕೆ ಎಳೆಯುವುದು ಸಾಮಾನ್ಯ, ಅದನ್ನೂ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ.

ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ವಿದೇಶದ ಓದಿಗೆ ನೆರವು ಕೊಡುವ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ, ಅದರಲ್ಲಿ ಪರಿಶಿಷ್ಟ ಜಾತಿಯವರ ಜೊತೆಗೆ ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳೂ ಸೇರುತ್ತಾರೆ ಎಂಬುದು ಬಹಳ ಜನರಿಗೆ ತಿಳಿದೇ ಇಲ್ಲ. ಹಿಂದುಳಿದ ವರ್ಗದವರು ದೇವರಾಜ ಅರಸು ಅಭಿವೃದ್ಧಿ ನಿಗಮದಲ್ಲಿ, ಅಲ್ಪಸಂಖ್ಯಾತರು ಅಲ್ಪಸಂಖ್ಯಾತರ ನಿರ್ದೇಶನಾಲಯದಲ್ಲಿ ವಿಚಾರಿಸಬೇಕು. ಯಾರು ಬೇಕಾದರೂ ಸ್ಪರ್ಧಿಸಬಹುದಾದದ್ದು ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಕಾರ್ಯಕ್ರಮ. ಅದರಲ್ಲಿ ಎರಡು ಮೂರು ದೇಶಗಳಲ್ಲಿ ಓದುವ ಅವಕಾಶವಿದೆ, ವಿದ್ಯಾರ್ಥಿವೇತನ ಸಿಕ್ಕರೆ ಸಾಲವೇ ಬೇಡ.

ಹುಬ್ಬಳ್ಳಿ ವಿದ್ಯಾರ್ಥಿನಿ

ಇಲ್ಲಿ ಎಲ್ಲರೂ ಹಿರಿಯರೇ ಇದ್ದೀರಿ, ಮಕ್ಕಳ ಕಡೆಯಿಂದ ನಾನೊಂದು ಮಾತು ಹೇಳುತ್ತೇನೆ, ತಪ್ಪಿದ್ದರೆ ಕ್ಷಮಿಸಿ. ನಿಮಗೆ ಅರ್ಥವಾಗುವುದಿಲ್ಲ ಬಿಡಿ ಎಂಬ ಮಾತನ್ನು ನಾನೂ ನಮ್ಮಪ್ಪಾಜಿಗೆ ಅಂದಿದ್ದೆ. ನಿಜ ಹೇಳಬೇಕೆಂದರೆ ಆಗ ಅರ್ಥವಾಗಿರದಿದ್ದದ್ದು ನನಗೆ. ಆರು ತಿಂಗಳು ವಿಡಿಯೋ ನೋಡಿ ನಗರಗಳ ಹೆಸರು ಬಾಯಿಪಾಠವಾಗಿದ್ದವು, ಆದರೆ ಎರಡನೆಯ ವರ್ಷದ ಖರ್ಚು ಎಲ್ಲಿಂದ ಎಂದು ಅಪ್ಪಾಜಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ, ಅದಕ್ಕೆ ಸಿಟ್ಟು ಬಂದಿತ್ತು. ಆಮೇಲೆ ನಾನು ಆರಿಸಿದ್ದ ಐದು ಕೋರ್ಸುಗಳ ವಿವರವನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಕನ್ನಡದಲ್ಲಿ ಬರೆಯಲು ಕೂತಾಗ ನನಗೇ ತಿಳಿಯದಿದ್ದ ಜಾಗಗಳೆಲ್ಲ ಖಾಲಿ ಉಳಿದವು. ಅಪ್ಪಾಜಿ ಮೊದಲು ನನ್ನ ಒತ್ತಕ್ಷರ ತಿದ್ದಿದರು, ನಂತರ ಲೆಕ್ಕ ತಿದ್ದಿದರು. ಮೇಷ್ಟ್ರು ಮಗಳಿಗೆ ಈ ಕೆಲಸ ಕೊಟ್ಟು ನೋಡಬಹುದು.

ಸ್ಟುಟ್‌ಗಾರ್ಟ್ ಕನ್ನಡಿಗ

ತಂಗಿ ಕೇಳಿದ ಎರಡನೆಯ ವರ್ಷದ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಇಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಅದರಿಂದ ಎರಡನೆಯ ವರ್ಷದ ಖರ್ಚಿನ ಬಹುಪಾಲನ್ನು ಹೊಂದಿಸಿಕೊಳ್ಳುವವರು ಇದ್ದಾರೆ, ಆದರೆ ಮೊದಲ ಆರು ತಿಂಗಳು ಆ ಹಣವನ್ನು ನಂಬಬಾರದು. ವಿಶ್ವವಿದ್ಯಾಲಯದ ಪ್ರಯೋಗಾಲಯಗಳಲ್ಲಿ ಇಂಗ್ಲಿಷ್ ಸಾಕು. ಹೊರಗಿನ ಕಂಪನಿಗಳಲ್ಲಿ, ಅದರಲ್ಲೂ ಮೆಕ್ಯಾನಿಕಲ್‌ನವರಿಗೆ, ಜರ್ಮನ್ ಬಾರದಿದ್ದರೆ ಬಾಗಿಲು ಅರ್ಧ ಮುಚ್ಚಿದ ಹಾಗೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ, ಆ ಅವಧಿಯಲ್ಲಿ ಒದ್ದಾಡುವವರಲ್ಲಿ ನಾನು ನೋಡಿದವರೆಲ್ಲ ಭಾಷೆಯನ್ನು ಆಮೇಲೆ ಕಲಿತರಾಯಿತು ಎಂದುಕೊಂಡವರು. ಬೆಂಗಳೂರಿನ ಇಂದಿರಾನಗರದಲ್ಲಿರುವ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿಯೋ ಆನ್‌ಲೈನಿನಲ್ಲಿಯೋ ಜರ್ಮನ್ ಭಾಷೆಯ ಎ2, ಅಂದರೆ ಎರಡನೆಯ ಹಂತವನ್ನಾದರೂ ಮುಗಿಸಿಕೊಂಡೇ ವಿಮಾನ ಹತ್ತಲಿ.

ಅರಸೀಕೆರೆ ಮೇಷ್ಟ್ರು

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಭಾನುವಾರ ಮಗಳನ್ನು ಊರಿಗೆ ಕರೆಸಿ, ಹುಬ್ಬಳ್ಳಿಯ ಹುಡುಗಿ ಹೇಳಿದಂತೆ ನೋಟ್‌ಬುಕ್ ಕೊಟ್ಟು ಕೂರಿಸಿದೆ. ಆರು ವಿಶ್ವವಿದ್ಯಾಲಯಗಳ ಹೆಸರು ಬರೆದಳು. ಶುಲ್ಕದ ಕಾಲಂ ತುಂಬುವಾಗ ಮ್ಯೂನಿಕ್ಕಿನ ಮುಂದೆ ಬಂದ ಅಂಕಿಯನ್ನು ನೋಡಿ ತಾನೇ ಅಡ್ಡಗೆರೆ ಎಳೆದಳು, ನಾನು ಬಾಯಿ ತೆರೆಯಲಿಲ್ಲ. ಕಾರ್ಲ್ಸ್‌ರೂ ಉಳಿಸಿಕೊಂಡಿದ್ದಾಳೆ, ಉಳಿದ ನಾಲ್ಕಕ್ಕೆ ಬೋಧನಾ ಶುಲ್ಕವಿಲ್ಲ.

ಹೊರಡುವ ಮೊದಲು ಬ್ಲಾಕ್ಡ್ ಅಕೌಂಟ್, ಎಪಿಎಸ್, ಭಾಷಾ ಪರೀಕ್ಷೆ, ವೀಸಾ, ಟಿಕೆಟ್, ಮೊದಲ ತಿಂಗಳ ಅಡ್ವಾನ್ಸ್ ಸೇರಿ ನಮ್ಮ ಲೆಕ್ಕಕ್ಕೆ ಸುಮಾರು 15 ಲಕ್ಷ ಬಂತು. ಎರಡನೆಯ ವರ್ಷಕ್ಕೆ ಅರ್ಧವನ್ನು ಅವಳು ದುಡಿದರೆ ಇನ್ನು 6 ಲಕ್ಷ ಬೇಕು. ನನ್ನ ನಿವೃತ್ತಿ ಹಣದಲ್ಲಿ ಉಳಿದಿರುವ 6 ಲಕ್ಷ ಹಾಕಿ 15 ಲಕ್ಷ ಸಾಲ ಮಾಡುವುದೆಂದು ನಿಶ್ಚಯಿಸಿದ್ದೇವೆ. ಬ್ಯಾಂಕಿನವರ ಸೂತ್ರಕ್ಕೆ ಹಾಕಿದರೆ, ಬಡ್ಡಿ ಸೇರಿದ ಮೇಲೂ ಕಂತು 26 ಸಾವಿರದೊಳಗೆ ನಿಲ್ಲುತ್ತದೆ. ಮರಳಿ ಬಂದರೂ ಕಟ್ಟಬಲ್ಲೆ ಎಂದು ಅವಳೇ ಆ ಪುಟದ ಕೆಳಗೆ ಬರೆದು ಸಹಿ ಹಾಕಿದಳು. ಕೇಳದೆ ಹಾಕಿದ್ದರಿಂದ ಆ ಸಹಿಗೆ ಬೆಲೆ ಇದೆ ಎಂದುಕೊಂಡಿದ್ದೇನೆ. ಪರಿವರ್ತನೆಯ ಸೂತ್ರವನ್ನೂ ಪರೀಕ್ಷಿಸಿದೆ. ಕಡಿಮೆ ಅಂಕ ಬಂದರೆ ಸಂತೋಷಪಡಬೇಕಾದ ಪದ್ಧತಿಗೆ ಈ ವಯಸ್ಸಿನಲ್ಲಿ ಹೊಂದಿಕೊಳ್ಳುವುದು ಸ್ವಲ್ಪ ಕಷ್ಟ.

ಮನೆಯವರಿಗೆ ಹಾಸ್ಟೆಲ್ ವಿಷಯವನ್ನು ಓದಿ ಹೇಳಿದೆ. ಪೂರ್ತಿ ಸಮಾಧಾನವಾಗಿಲ್ಲ, ಆದರೆ ಭಾನುವಾರ ಅಂಗಡಿ ಇರುವುದಿಲ್ಲ ಎಂಬ ಸಾಲನ್ನು ಎರಡು ಸಲ ಓದಿಸಿಕೊಂಡರು. ಮನೆಯ ನಮೂನೆ 9 ಆಗಿದೆ, 11ಕ್ಕೆ ಅರ್ಜಿ ಕೊಟ್ಟಿದ್ದೇನೆ. ತಮ್ಮ ಸೋಮವಾರ ತಿಪಟೂರಿನಿಂದ ಬಂದು ಬ್ಯಾಂಕಿಗೆ ಜೊತೆಯಲ್ಲಿ ಬರುತ್ತೇನೆ ಎಂದಿದ್ದಾನೆ. ಎಪಿಎಸ್ ಶುಲ್ಕ ಕಟ್ಟಲು ನಿನ್ನೆ ಹಣ ಕಳಿಸಲು ಹೋದರೆ, ಇಂಟರ್ನ್‌ಶಿಪ್‌ನಲ್ಲಿ ಬಂದ ಹಣದಿಂದ ಹೋದ ವಾರವೇ ಕಟ್ಟಿದ್ದೇನೆ ಎಂದಳು.